ಎಚ್‌ಐವಿ ಪರೀಕ್ಷೆ: ಎಷ್ಟನೇ ದಿನದ ವರದಿಯನ್ನು ಎಷ್ಟು ನಂಬಬಹುದು

ಎಚ್‌ಐವಿ ತಗಲಿರಬಹುದೆಂಬ ಸಂಶಯ ಬಂದವರು ಮೊದಲು ಕೇಳುವುದು ‘ಎಷ್ಟು ದಿನಕ್ಕೆ ಗೊತ್ತಾಗುತ್ತದೆ’ ಎಂದು. ಕಾಸರಗೋಡಿನ ಒಂದು ಲ್ಯಾಬಿನಲ್ಲಿ ಇದಕ್ಕೆ ಒಂದೂವರೆ ತಿಂಗಳು ಎಂಬ ಉತ್ತರ ಸಿಗಬಹುದು, ಮಂಗಳೂರಿನ ಇನ್ನೊಂದರಲ್ಲಿ ಮೂರು ತಿಂಗಳು ಎಂದಾರು, ಮೊಬೈಲಿನಲ್ಲಿ ಹುಡುಕಿದರೆ ಆರು ತಿಂಗಳೆಂಬ ಹಳೆಯ ಲೆಕ್ಕವೂ ಎದುರಾದೀತು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬೊಬ್ಬರು ಒಂದೊಂದು ಬಗೆಯ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟು ಮಾತನಾಡುತ್ತಿರುತ್ತಾರೆ. ಯಾವ ಪರೀಕ್ಷೆ ಎಂದು ತಿಳಿಯದೆ ದಿನ ಎಣಿಸಿ ಪ್ರಯೋಜನವಿಲ್ಲ, ದಿನ ಎಣಿಸದೆ ಪರೀಕ್ಷೆ ಮಾಡಿಸಿಯೂ ಪ್ರಯೋಜನವಿಲ್ಲ. ಇವೆರಡನ್ನು ಜೋಡಿಸಿ ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಆದರೆ ಘಟನೆ ನಡೆದು ಇನ್ನೂ ಮೂರು ದಿನ ಕಳೆದಿಲ್ಲವಾದರೆ ಈ ಬರಹವನ್ನು ಆಮೇಲೆ ಓದಿ, ಮೊದಲು ಆಸ್ಪತ್ರೆಗೆ ಹೋಗಬೇಕು.

ಮೊದಲ 72 ಗಂಟೆ

ಸೋಂಕು ತಗಲಿರಬಹುದಾದ ಸಂದರ್ಭದ ನಂತರ 72 ಗಂಟೆಗಳ ಒಳಗೆ ಔಷಧಿ ಆರಂಭಿಸಿದರೆ ವೈರಸ್ ದೇಹದಲ್ಲಿ ನೆಲೆಯೂರುವುದನ್ನು ಬಹುಮಟ್ಟಿಗೆ ತಡೆಯಬಹುದು. ಇದನ್ನು ವೈದ್ಯರು ಪೆಪ್ ಎಂದು ಕರೆಯುತ್ತಾರೆ. ಭಾರತದಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಸುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಸೇರಿದ ಒಂದೇ ಮಾತ್ರೆ. ದಿನಕ್ಕೊಂದರಂತೆ 28 ದಿನ ತಪ್ಪದೆ ನುಂಗಬೇಕು. ಮೊದಲ ಮಾತ್ರೆ ಎಷ್ಟು ಬೇಗ ಹೊಟ್ಟೆಗೆ ಹೋದರೆ ಅಷ್ಟು ಒಳ್ಳೆಯದು. ಎರಡು ಗಂಟೆಯೊಳಗೆ ಸಿಕ್ಕಿದರೆ ಅದಕ್ಕಿಂತ ಉತ್ತಮ ಬೇರೆ ಇಲ್ಲ, 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ಕೆಲಸದ ನಡುವೆ ಬಳಸಿದ ಸೂಜಿ ಚುಚ್ಚಿದ ಆಸ್ಪತ್ರೆ ಸಿಬ್ಬಂದಿಗೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಸರಕಾರಿ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆ. ಉಳಿದವರು ವೈದ್ಯರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿದರೆ ಬೇಕೇ ಬೇಡವೇ ಎಂದು ಅವರು ತೀರ್ಮಾನಿಸುತ್ತಾರೆ. ಶನಿವಾರ ರಾತ್ರಿ ನಡೆದದ್ದಕ್ಕೆ ಸೋಮವಾರದ ಒಪಿಯವರೆಗೆ ಕಾಯುವುದು ಬೇಡ. ಕ್ಯಾಶುವಾಲ್ಟಿ ಇರುವುದೇ ಅಂಥದ್ದಕ್ಕೆ.

ಪೆಪ್ ಆರಂಭಿಸುವಾಗ ಮಾಡುವ ಎಚ್‌ಐವಿ ಪರೀಕ್ಷೆಯ ಬಗ್ಗೆ ಅನೇಕರಲ್ಲಿ ತಪ್ಪು ತಿಳಿವಳಿಕೆ ಇದೆ. ನಿನ್ನೆಯ ಘಟನೆಯಿಂದ ಸೋಂಕು ತಗಲಿದೆಯೇ ಎಂಬುದನ್ನು ಆ ಪರೀಕ್ಷೆ ಹೇಳಲಾರದು. ಮೊದಲೇ ಸೋಂಕು ಇತ್ತೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಅದರ ಜತೆ ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡುತ್ತಾರೆ, ಏಕೆಂದರೆ ಈ ಮಾತ್ರೆಯಲ್ಲಿರುವ ಎರಡು ಔಷಧಿಗಳು ಆ ವೈರಸ್ಸಿನ ಮೇಲೂ ಕೆಲಸ ಮಾಡುತ್ತವೆ. ಹೆಪಟೈಟಿಸ್ ಬಿ ಇರುವವರು 28 ದಿನಗಳ ನಂತರ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಯಕೃತ್ತಿನ ತೊಂದರೆ ಉಲ್ಬಣಿಸಬಹುದು.

ಸಂಶಯಕ್ಕೆ ಕಾರಣವಿದೆಯೇ

ಪರೀಕ್ಷೆಗೆ ಓಡುವ ಮೊದಲು ನಡೆದದ್ದರಲ್ಲಿ ಅಪಾಯವಿತ್ತೇ ಎಂದು ನೋಡಬೇಕು. ಮುತ್ತು, ಅಪ್ಪುಗೆ, ಒಂದೇ ತಟ್ಟೆಯ ಊಟ, ಕೆರೆಯ ಸ್ನಾನ, ಸೊಳ್ಳೆಯ ಕಡಿತ, ಬಸ್ಸಿನ ಸೀಟು, ಆಸ್ಪತ್ರೆಯ ಬೆಂಚು, ಇವು ಯಾವುವೂ ಎಚ್‌ಐವಿ ತರುವುದಿಲ್ಲ. ಕ್ಷೌರದಂಗಡಿಯ ಬ್ಲೇಡಿನ ಭಯ ನಮ್ಮ ಕಡೆ ಬಹಳ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ ಹೌದು, ಆದರೆ ಆ ದಾರಿಯಿಂದ ಹರಡುವುದು ಹೆಚ್ಚಾಗಿ ಹೆಪಟೈಟಿಸ್ ಬಿ.

ನಿಜವಾದ ದಾರಿಗಳು ಕೆಲವೇ: ಕಾಂಡೊಮ್ ಇಲ್ಲದ ಅಥವಾ ಕಾಂಡೊಮ್ ಹರಿದ ಲೈಂಗಿಕ ಸಂಪರ್ಕ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಸೋಂಕಿನ ರಕ್ತ, ತಾಯಿಯಿಂದ ಮಗುವಿಗೆ. ಇವುಗಳಲ್ಲೂ ಅಪಾಯದ ಪ್ರಮಾಣ ಒಂದೇ ಅಲ್ಲ. ಚಿಕಿತ್ಸೆ ಪಡೆಯದ ಸೋಂಕಿತರೊಂದಿಗೆ ಒಂದು ಸಲದ ಯೋನಿ ಸಂಭೋಗದಲ್ಲಿ ಗಂಡಸಿಗೆ ಸೋಂಕು ತಗಲುವ ಸಂಭವ ಹತ್ತು ಸಾವಿರಕ್ಕೆ ಸುಮಾರು 4, ಹೆಂಗಸಿಗೆ ಸುಮಾರು 8 ಎಂಬುದು ತಜ್ಞರ ಅಂದಾಜು. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಅದು ಹತ್ತು ಸಾವಿರಕ್ಕೆ ಸುಮಾರು 138. ಸೋಂಕಿತರಿಗೆ ಬಳಸಿದ ಸೂಜಿ ಕೈಗೆ ಚುಚ್ಚಿದರೆ ಸುಮಾರು 23. ಸಂಗಾತಿಗೆ ಲೈಂಗಿಕ ರೋಗದ ಹುಣ್ಣುಗಳಿದ್ದರೆ ಅಥವಾ ಅವರಿಗೆ ಸೋಂಕು ಹೊಸದಾಗಿ ತಗಲಿದ್ದರೆ ಈ ಅಂಕಿಗಳು ಏರುತ್ತವೆ. ಅದೇ ಸಂಗಾತಿ ಸರಿಯಾಗಿ ಚಿಕಿತ್ಸೆ ಪಡೆದು ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದೇ ಇಲ್ಲ.

ಈ ಅಂಕಿಗಳನ್ನು ಹೇಳಿದ್ದು ಧೈರ್ಯ ತುಂಬಲಿಕ್ಕೂ ಅಲ್ಲ, ಹೆದರಿಸಲಿಕ್ಕೂ ಅಲ್ಲ. ಮುಂದೆ ವರದಿಯನ್ನು ಓದುವಾಗ ಇವು ಬೇಕಾಗುತ್ತವೆ.

ರಕ್ತದೊಳಗೆ ನಡೆಯುವುದು

ವೈರಸ್ ದೇಹವನ್ನು ಹೊಕ್ಕ ಮೇಲೆ ಮೊದಲ ಹತ್ತು ದಿನಗಳಷ್ಟು ಕಾಲ ಅದು ಹೊಕ್ಕ ಜಾಗದಲ್ಲಿ, ಅಲ್ಲಿಂದ ಹತ್ತಿರದ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಹೆಚ್ಚುತ್ತಿರುತ್ತದೆ. ಆ ಹೊತ್ತಿನಲ್ಲಿ ಯಾವ ಪರೀಕ್ಷೆ ಮಾಡಿದರೂ, ಎಷ್ಟೇ ಹಣ ಕೊಟ್ಟರೂ, ರಕ್ತದಲ್ಲಿ ಏನೂ ಸಿಗುವುದಿಲ್ಲ. ಐದನೇ ದಿನ ಮಾಡಿಸಿದ ಪರೀಕ್ಷೆಯ ನೆಗೆಟಿವ್ ವರದಿಯನ್ನು ಜೇಬಿನಲ್ಲಿಟ್ಟುಕೊಂಡು ನಿಶ್ಚಿಂತರಾದವರನ್ನೂ, ಅದನ್ನು ನಂಬಲಾಗದೆ ಎಂಟನೇ ದಿನ ಇನ್ನೊಂದು ಲ್ಯಾಬಿಗೆ ಹೋದವರನ್ನೂ ನೋಡಿದ್ದೇನೆ. ಇಬ್ಬರೂ ತೆತ್ತ ದುಡ್ಡು ವ್ಯರ್ಥ.

ಹತ್ತನೇ ದಿನದ ಆಸುಪಾಸಿನಲ್ಲಿ ವೈರಸ್ಸಿನ ವಂಶವಾಹಿ ವಸ್ತುವಾದ ಆರ್‌ಎನ್‌ಎ ರಕ್ತದಲ್ಲಿ ಕಾಣಿಸಿಕೊಳ್ಳಲು ಆರಂಭವಾಗುತ್ತದೆ. ಅದರ ಬೆನ್ನಿಗೆ ವೈರಸ್ಸಿನ ಮೈಯ ಒಂದು ಪ್ರೋಟೀನು, ಪಿ24 ಆಂಟಿಜೆನ್ ಎಂಬುದು, ಎರಡು ಎರಡೂವರೆ ವಾರಗಳ ಹೊತ್ತಿಗೆ ಪತ್ತೆಯಾಗುವ ಮಟ್ಟಕ್ಕೆ ಏರುತ್ತದೆ. ಇವೆರಡಾದ ಮೇಲೆ ನಮ್ಮ ದೇಹವೇ ವೈರಸ್ಸಿನ ವಿರುದ್ಧ ತಯಾರಿಸುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಬರುತ್ತದೆ. ಹೆಚ್ಚಿನವರಲ್ಲಿ ಮೂರರಿಂದ ಆರು ವಾರಗಳ ನಡುವೆ, ಕೆಲವರಲ್ಲಿ ಇನ್ನೂ ತಡವಾಗಿ. ಪ್ರತಿಕಾಯವನ್ನು ಹುಡುಕುವ ಪರೀಕ್ಷೆ ಎಂದರೆ ತೋಟಕ್ಕೆ ನುಗ್ಗಿದ ಹಂದಿಯನ್ನು ಬಿಟ್ಟು ಅದರ ಹೆಜ್ಜೆಗುರುತನ್ನು ಹುಡುಕಿದಂತೆ: ಗುರುತು ಮೂಡುವ ಮೊದಲು ಹೋಗಿ ನೋಡಿ ‘ಹಂದಿ ಬಂದಿಲ್ಲ’ ಎಂದರೆ ಆ ಮಾತಿಗೆ ಬೆಲೆಯಿಲ್ಲ. ಸೋಂಕು ಇದ್ದೂ ಪರೀಕ್ಷೆಯಲ್ಲಿ ಕಾಣದ ಈ ನಡುವಿನ ಕಾಲವನ್ನೇ ವಿಂಡೋ ಪೀರಿಯಡ್ ಎನ್ನುತ್ತಾರೆ, ಗವಾಕ್ಷಿ ಅವಧಿ ಎಂದೂ ಬರೆಯುತ್ತಾರೆ.

ಮೂರು ಬಗೆಯ ಪರೀಕ್ಷೆ, ಮೂರು ಬಗೆಯ ಲೆಕ್ಕ

ಮೇಲಿನ ಮೂರು ಗುರುತುಗಳಲ್ಲಿ ಯಾವುದನ್ನು ಹುಡುಕುತ್ತದೆ ಎಂಬುದರ ಮೇಲೆ ಪರೀಕ್ಷೆಯ ಅವಧಿ ನಿಂತಿದೆ.

ಆರ್‌ಎನ್‌ಎಯನ್ನು ಹುಡುಕುವ ಪಿಸಿಆರ್ ಪರೀಕ್ಷೆ ಎಲ್ಲಕ್ಕಿಂತ ಮೊದಲು ಸುಳಿವು ಕೊಡುತ್ತದೆ. ಸಂಪರ್ಕವಾದ 10ರಿಂದ 33 ದಿನಗಳ ನಡುವೆ ಅದರಲ್ಲಿ ಸೋಂಕು ಪತ್ತೆಯಾಗುತ್ತದೆ. ಇದು ದುಬಾರಿ, ದೊಡ್ಡ ಲ್ಯಾಬುಗಳಿಗೆ ಮಾತ್ರ ಸಾಧ್ಯ. ನಮ್ಮೂರಿನ ಲ್ಯಾಬಿನಲ್ಲಿ ರಕ್ತ ಕೊಟ್ಟರೂ ಅದು ಬೇರೆ ಊರಿಗೆ ಹೋಗಿ ಬರಬೇಕು. ಸಾಮಾನ್ಯವಾಗಿ ಇಂಥ ಪರೀಕ್ಷೆಗಳು ವೈರಸ್ಸಿನ ಎರಡು ಬಗೆಗಳಲ್ಲಿ ಸಾಮಾನ್ಯವಾದ ಎಚ್‌ಐವಿ-1ನ್ನು ಮಾತ್ರ ಹುಡುಕುತ್ತವೆ. ಭಾರತದಲ್ಲಿ ಅಪರೂಪಕ್ಕೆ ಕಾಣುವ ಎಚ್‌ಐವಿ-2 ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪಿಸಿಆರ್ ನೆಗೆಟಿವ್ ಬಂದವರೂ ಮುಂದೆ ಪ್ರತಿಕಾಯ ಪರೀಕ್ಷೆಯನ್ನು ಮಾಡಿಸಿಯೇ ಮುಗಿಸಬೇಕು. ಅಪಾಯ ಹೆಚ್ಚಿದ್ದು ಜ್ವರ, ಮೈದದ್ದು ಕಾಣಿಸಿಕೊಂಡಾಗ ವೈದ್ಯರು ಇದನ್ನು ಬರೆದುಕೊಡುವುದುಂಟು. ಮನಸ್ಸಿನ ಸಮಾಧಾನಕ್ಕೆಂದು ತಾವಾಗಿಯೇ ಮಾಡಿಸುವುದಕ್ಕೆ ಇದು ತಕ್ಕ ಪರೀಕ್ಷೆಯೆಂದು ನನಗನಿಸುವುದಿಲ್ಲ.

ಎರಡನೆಯದು ಪಿ24 ಮತ್ತು ಪ್ರತಿಕಾಯ ಎರಡನ್ನೂ ಒಟ್ಟಿಗೆ ಹುಡುಕುವ ಪರೀಕ್ಷೆ. ನಾಲ್ಕನೇ ತಲೆಮಾರಿನ ಪರೀಕ್ಷೆ, ಕಾಂಬೊ, ಆಂಟಿಜೆನ್-ಆಂಟಿಬಾಡಿ ಎಂದೆಲ್ಲ ಲ್ಯಾಬಿನವರು ಹೇಳುವುದು ಇದನ್ನೇ. ತೋಳಿನ ನರದಿಂದ ರಕ್ತ ತೆಗೆದು ಯಂತ್ರದಲ್ಲಿ ಮಾಡಿದರೆ ಇದರ ಅವಧಿ 18ರಿಂದ 45 ದಿನ. ಈ ಅಂಕಿಯ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೋಂಕು ತಗಲಿದ ನೂರು ಜನರನ್ನು ತೆಗೆದುಕೊಂಡರೆ ಸುಮಾರು ಹದಿನೆಂಟನೇ ದಿನಕ್ಕೆ ಅವರಲ್ಲಿ ಅರ್ಧದಷ್ಟು ಮಂದಿ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಇಪ್ಪತ್ತನಾಲ್ಕನೇ ದಿನದ ಹೊತ್ತಿಗೆ ಮುಕ್ಕಾಲು ಪಾಲು. ನಲವತ್ತೈದನೇ ದಿನಕ್ಕೆ 99 ಮಂದಿ. ಪರೀಕ್ಷೆಯ ನಂಬಿಕೆ ಒಂದು ದಿನ ಸೊನ್ನೆಯಿದ್ದು ಮರುದಿನ ನೂರಾಗುವುದಿಲ್ಲ. ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ, ಮೊದಲು ಬೇಗ, ಕೊನೆಗೆ ನಿಧಾನವಾಗಿ. ಇದೇ ಕಾಂಬೊ ಪರೀಕ್ಷೆಯನ್ನು ಬೆರಳ ತುದಿ ಚುಚ್ಚಿ ಕಾರ್ಡಿನ ಮೇಲೆ ಮಾಡಿದರೆ ಅವಧಿ 18ರಿಂದ 90 ದಿನಗಳಿಗೆ ಚಾಚುತ್ತದೆ, ಏಕೆಂದರೆ ಬೆರಳ ಹನಿಯಲ್ಲಿ ಸಿಗುವ ದ್ರವದ ಪಾಲೂ ಕಡಿಮೆ, ಕಾರ್ಡಿನ ಸೂಕ್ಷ್ಮತೆಯೂ ಕಡಿಮೆ.

ಮೂರನೆಯದು ಪ್ರತಿಕಾಯವನ್ನು ಮಾತ್ರ ಹುಡುಕುವ ಪರೀಕ್ಷೆ. ಸರಕಾರಿ ಕೇಂದ್ರಗಳಲ್ಲಿ ಬಳಸುವ ರ‍್ಯಾಪಿಡ್ ಕಿಟ್ಟುಗಳು ಹೆಚ್ಚಾಗಿ ಈ ಬಗೆಯವು, ಸಣ್ಣ ಲ್ಯಾಬುಗಳ ಕಾರ್ಡ್ ಟೆಸ್ಟೂ ಹೆಚ್ಚಾಗಿ ಇದೇ. ಇದರ ಅವಧಿ 23ರಿಂದ 90 ದಿನ. ಇದರ ನೆಗೆಟಿವ್ ವರದಿಯನ್ನು ಪೂರ್ತಿ ನಂಬಲು 90 ದಿನ ತುಂಬಬೇಕು.

ಕಾರ್ಡನ್ನು ಹತ್ತಿರದಿಂದ ನೋಡಿದರೆ ಅದರ ಕೆಲಸ ಅರ್ಥವಾಗುತ್ತದೆ. ಅಂಗೈಯಲ್ಲಿ ಹಿಡಿಯುವ ಬಿಳಿಯ ಪ್ಲಾಸ್ಟಿಕ್ ತುಂಡು. ಒಂದು ತುದಿಯಲ್ಲಿ ಹನಿ ಬೀಳಿಸುವ ಸಣ್ಣ ಗುಳಿ, ನಡುವೆ ಒಂದು ಕಿಟಕಿ, ಕಿಟಕಿಯ ಬದಿಯಲ್ಲಿ ಸಿ, 1, 2 ಎಂಬ ಗುರುತು. ಸಿ ಎಂಬಲ್ಲಿ ಗೆರೆ ಮೂಡಿದರೆ ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ಅಲ್ಲಿ ಗೆರೆ ಮೂಡದಿದ್ದರೆ ಉಳಿದ ಕಡೆ ಏನು ಕಂಡರೂ ಪರೀಕ್ಷೆ ಅಮಾನ್ಯ, ಹೊಸ ಕಾರ್ಡಿನಲ್ಲಿ ಮತ್ತೆ ಮಾಡಬೇಕು. 1 ಅಥವಾ 2ರ ಎದುರು ಗೆರೆ ಬಂದರೆ ರಿಯಾಕ್ಟಿವ್, ಅಂದರೆ ಆ ಬಗೆಯ ಎಚ್‌ಐವಿಯ ಸುಳಿವು ಸಿಕ್ಕಿದೆ ಎಂದರ್ಥ. ಕಿಟ್ಟಿನ ಪೊಟ್ಟಣದ ಮೇಲೆ ಬರೆದಷ್ಟು ನಿಮಿಷಗಳೊಳಗೆ ನೋಡಿ ಬರೆದುಕೊಳ್ಳಬೇಕು. ಒಂದು ಗಂಟೆ ಮೇಜಿನ ಮೇಲೆ ಬಿಟ್ಟ ಕಾರ್ಡಿನಲ್ಲಿ ಮೂಡಿದ ಮಸುಕು ಗೆರೆಗೆ ಅರ್ಥವಿಲ್ಲ. ಆನ್‌ಲೈನಿನಲ್ಲಿ ಕಿಟ್ ತರಿಸಿ ಕೋಣೆಯ ಬಾಗಿಲು ಹಾಕಿ ಮಾಡುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ.

ಇಲ್ಲಿ ಎಲಿಸಾದ ಬಗ್ಗೆ ಒಂದು ಮಾತು ಹೇಳಬೇಕು. ಎಲಿಸಾ ಎಂದೊಡನೆ ಅದು ಕಾರ್ಡಿಗಿಂತ ಮೇಲಿನದು, ಬೇಗ ತಿಳಿಸುವಂಥದ್ದು ಎಂಬ ನಂಬಿಕೆ ಹಲವರಲ್ಲಿದೆ. ಎಲಿಸಾ ಎಂಬುದು ಮಾಡುವ ವಿಧಾನದ ಹೆಸರು. ಪ್ರತಿಕಾಯವನ್ನು ಮಾತ್ರ ನೋಡುವ ಎಲಿಸಾವೂ ಇದೆ, ಪಿ24ನ್ನೂ ಸೇರಿಸಿ ನೋಡುವ ಎಲಿಸಾವೂ ಇದೆ. ಆದ್ದರಿಂದ ಲ್ಯಾಬಿನಲ್ಲಿ ಕೇಳಬೇಕಾದದ್ದು ‘ಎಲಿಸಾ ಮಾಡುತ್ತೀರಾ’ ಎಂದಲ್ಲ. ‘ಇದರಲ್ಲಿ ಆಂಟಿಜೆನ್ ಕೂಡ ನೋಡುತ್ತೀರಾ, ಆಂಟಿಬಾಡಿ ಮಾತ್ರವಾ? ರಕ್ತ ನರದಿಂದ ತೆಗೆಯುವುದಾ, ಬೆರಳಿನಿಂದಲಾ?’ ಎಂದು ಕೇಳಬೇಕು. ಕೌಂಟರಿನಲ್ಲಿ ಕುಳಿತವರು ‘ಎಲ್ಲ ಒಂದೇ ಅಣ್ಣ’ ಎಂದರೆ ಒಳಗಿರುವ ಟೆಕ್ನಿಷಿಯನ್ನರನ್ನು ಕರೆಯಲು ಹೇಳಿ. ಕಿಟ್ಟಿನ ಹೆಸರು ಅವರಿಗೆ ಗೊತ್ತಿರುತ್ತದೆ. ಉತ್ತರ ಸ್ಪಷ್ಟವಾಗದಿದ್ದರೆ ಅದು ಪ್ರತಿಕಾಯ ಪರೀಕ್ಷೆಯೆಂದೇ ಎಣಿಸಿ 90 ದಿನದ ಲೆಕ್ಕ ಹಿಡಿಯುವುದು ಕ್ಷೇಮ.

ಬೇಗ ಬಂದ ನೆಗೆಟಿವ್ ವರದಿಯನ್ನು ಓದುವ ಬಗೆ

ಅವಧಿ ತುಂಬುವ ಮೊದಲು ಬಂದ ನೆಗೆಟಿವ್ ವರದಿಗೆ ಬೆಲೆಯೇ ಇಲ್ಲವೆನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಅತಿಯಾದ ಮಾತು. ಅದು ಸಂಶಯವನ್ನು ತೊಡೆದುಹಾಕುವುದಿಲ್ಲ, ಆದರೆ ಇಳಿಸುತ್ತದೆ. ಎಷ್ಟು ಇಳಿಸುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು.

ಚಿಕಿತ್ಸೆ ಪಡೆಯದ ಸೋಂಕಿತ ಹೆಂಗಸಿನೊಂದಿಗೆ ಒಂದು ಸಲ ಕಾಂಡೊಮ್ ಇಲ್ಲದೆ ಯೋನಿ ಸಂಭೋಗ ಮಾಡಿದ ಹತ್ತು ಸಾವಿರ ಗಂಡಸರಿದ್ದಾರೆಂದು ಇಟ್ಟುಕೊಳ್ಳೋಣ. ಮೇಲಿನ ಅಂದಾಜಿನ ಪ್ರಕಾರ ಅವರಲ್ಲಿ ನಾಲ್ವರಿಗೆ ಸೋಂಕು ತಗಲಿರುತ್ತದೆ. ಎಲ್ಲರೂ ಇಪ್ಪತ್ತನಾಲ್ಕನೇ ದಿನ ನರದ ರಕ್ತದ ಕಾಂಬೊ ಪರೀಕ್ಷೆ ಮಾಡಿಸಿದರೆ ಆ ನಾಲ್ವರಲ್ಲಿ ಮೂವರು ಸಿಕ್ಕುತ್ತಾರೆ, ಒಬ್ಬರು ತಪ್ಪಿಸಿಕೊಳ್ಳುತ್ತಾರೆ. ಅಂದರೆ ಆ ದಿನ ನೆಗೆಟಿವ್ ಬಂದ ಸುಮಾರು ಹತ್ತು ಸಾವಿರ ಜನರಲ್ಲಿ ಸೋಂಕು ಅಡಗಿರುವುದು ಒಬ್ಬರಲ್ಲಿ. ಮೊದಲಿದ್ದ ಸಂಶಯ ಕಾಲು ಪಾಲಿಗೆ ಇಳಿಯಿತು. ನಲವತ್ತೈದನೇ ದಿನದ ನೆಗೆಟಿವ್ ಅದನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಇಲ್ಲಿ ಸಂಗಾತಿ ಸೋಂಕಿತರೆಂದೇ ಹಿಡಿದಿದ್ದೇವೆ. ಅವರ ಸ್ಥಿತಿ ಗೊತ್ತಿಲ್ಲದಿದ್ದರೆ ಆರಂಭದ ಸಂಭವವೇ ಇನ್ನೂ ಕಡಿಮೆ, ಏಕೆಂದರೆ ಭಾರತದ ವಯಸ್ಕರಲ್ಲಿ ಎಚ್‌ಐವಿ ಇರುವವರ ಪ್ರಮಾಣ ನೂರಕ್ಕೆ ಸುಮಾರು 0.2, ಕೇರಳದಲ್ಲಿ ಅದಕ್ಕಿಂತಲೂ ಕಡಿಮೆ.

ಇನ್ನು ದಿನಗಳ ಲೆಕ್ಕ. ಘಟನೆ ಜೂನ್ 1ರಂದು ನಡೆಯಿತೆನ್ನಿ. ಆ ದಿನವನ್ನು ಸೊನ್ನೆ ಎಂದು ಬರೆದುಕೊಂಡು ಮರುದಿನದಿಂದ ಎಣಿಸಬೇಕು. ಪೆಪ್ ಆರಂಭಿಸುವ ಗಡುವು ಜೂನ್ 4ರ ಅದೇ ಹೊತ್ತಿಗೆ ಮುಗಿಯುತ್ತದೆ. ಜೂನ್ 11ರವರೆಗೆ ಯಾವ ಪರೀಕ್ಷೆಯೂ ಬೇಡ. ಕಾಯುವುದು ತೀರ ಕಷ್ಟವೆನ್ನುವವರು ಜೂನ್ ಕೊನೆಯ ವಾರದಲ್ಲಿ, ನಾಲ್ಕು ವಾರವಾಗುವ ಹೊತ್ತಿಗೆ, ಕಾಂಬೊ ಪರೀಕ್ಷೆ ಮಾಡಿಸಬಹುದು. ಅದು ಹೆಚ್ಚಿನ ಭಾರವನ್ನು ಇಳಿಸುತ್ತದೆ. ಜುಲೈ 16ಕ್ಕೆ 45 ದಿನ ತುಂಬುತ್ತದೆ, ನರದ ರಕ್ತದ ಕಾಂಬೊ ಪರೀಕ್ಷೆಯಾದರೆ ಅಂದಿನ ನೆಗೆಟಿವ್ ನಂಬಲು ಸಾಕು. ಕಾರ್ಡ್ ಅಥವಾ ಪ್ರತಿಕಾಯ ಪರೀಕ್ಷೆಯಾದರೆ ಆಗಸ್ಟ್ 30. ನಡುವೆ ವಾರಕ್ಕೊಂದು ಪರೀಕ್ಷೆ ಮಾಡಿಸಿದರೆ ಲ್ಯಾಬಿಗೆ ಲಾಭ, ಮಾಡಿಸಿದವರಿಗೆ ನಿದ್ದೆಗೇಡು. ಎರಡು ಸಲ ಸಾಕು, ಒಂದು ಬೇಗ, ಒಂದು ಅವಧಿ ತುಂಬಿದ ಮೇಲೆ.

ಪೆಪ್ ತೆಗೆದುಕೊಂಡವರಿಗೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಔಷಧಿ ವೈರಸ್ಸನ್ನು ಹತ್ತಿಕ್ಕುವುದರಿಂದ, ಅದು ವಿಫಲವಾದ ಅಪರೂಪದ ಸಂದರ್ಭದಲ್ಲಿ ಗುರುತುಗಳು ತಡವಾಗಿ ಮೂಡಬಹುದು. ಅಂಥವರು ಘಟನೆಯ ನಂತರ ಆರು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ಪರೀಕ್ಷೆ ಮಾಡಿಸಬೇಕು, ಆಸ್ಪತ್ರೆಯವರು ಮತ್ತೊಮ್ಮೆ ಬರಹೇಳಿದರೆ ಅದನ್ನೂ ತಪ್ಪಿಸಬಾರದು. ಸೋಂಕು ಬಾರದಂತೆ ಮುಂಚಿತವಾಗಿ ಪ್ರೆಪ್ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೂ ಇದೇ ಎಚ್ಚರಿಕೆ ಅನ್ವಯ. ಬೇರೆ ಕಾಯಿಲೆಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಪಡೆಯುತ್ತಿರುವವರು ಅದನ್ನು ವೈದ್ಯರಿಗೆ ಹೇಳಬೇಕು. ಆದರೆ ನೆಗಡಿಯ ಮಾತ್ರೆ, ಆಂಟಿಬಯೋಟಿಕ್, ಆಯುರ್ವೇದದ ಕಷಾಯ, ಹಿಂದಿನ ದಿನ ಕುಡಿದ ಮದ್ಯ, ಬೆಳಗ್ಗೆ ತಿಂದ ತಿಂಡಿ, ಇವುಗಳಿಂದ ವರದಿ ಬದಲಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಯೂ ಇಲ್ಲ.

ಲಕ್ಷಣಗಳನ್ನು ನೋಡಿ ನಿರ್ಧಾರಕ್ಕೆ ಬರಲು ಆಗುವುದಿಲ್ಲ. ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಜ್ವರ, ಗಂಟಲು ನೋವು, ಮೈದದ್ದು, ಕುತ್ತಿಗೆಯ ಗಂಟು ಊದಿಕೊಳ್ಳುವುದು ಹಲವರಲ್ಲಿ ಕಾಣುತ್ತದೆ, ಕೆಲವರಲ್ಲಿ ಏನೂ ಕಾಣುವುದಿಲ್ಲ. ಜೂನ್ ಜುಲೈ ತಿಂಗಳ ಮಳೆಗಾಲದಲ್ಲಿ ಕಾಸರಗೋಡಿನಲ್ಲಿ ಜ್ವರ ಬಾರದ ಮನೆ ಯಾವುದು? ಡೆಂಗಿ, ಇಲಿಜ್ವರ, ಸಾಮಾನ್ಯ ವೈರಲ್ ಜ್ವರ ಎಲ್ಲವೂ ಆರಂಭದಲ್ಲಿ ಹೀಗೆಯೇ ಇರುತ್ತವೆ. ಜ್ವರ ಬಂದರೆ ವೈದ್ಯರಿಗೆ ತೋರಿಸಿ ಘಟನೆಯ ದಿನಾಂಕವನ್ನೂ ಹೇಳಬೇಕು.

ಎಲ್ಲಿಗೆ ಹೋಗುವುದು

ಸರಕಾರಿ ವ್ಯವಸ್ಥೆಯಲ್ಲಿ ಈ ಪರೀಕ್ಷೆ ಮಾಡುವ ಕೇಂದ್ರಕ್ಕೆ ಐಸಿಟಿಸಿ ಎಂದು ಹೆಸರು. ಕೇರಳದಲ್ಲಿ ಅದನ್ನು ಜ್ಯೋತಿಸ್ ಎಂದು ಕರೆಯುತ್ತಾರೆ, ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರವನ್ನು ಉಷಸ್ ಎಂದು, ಲೈಂಗಿಕ ರೋಗಗಳ ಕ್ಲಿನಿಕ್ಕನ್ನು ಪುಲರಿ ಎಂದು. ಬೋರ್ಡು ಮಲಯಾಳದಲ್ಲಿದ್ದು ಓದಲು ಬಾರದವರು ಈ ಹೆಸರುಗಳನ್ನು ನೆನಪಿಟ್ಟುಕೊಂಡರೆ ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರು ‘ಎಚ್‌ಐವಿ ಟೆಸ್ಟ್ ಎಲ್ಲಿ’ ಎಂದು ಕೇಳಬೇಕಾಗಿ ಬರುವುದಿಲ್ಲ. ‘ಜ್ಯೋತಿಸ್ ಎಲ್ಲಿ’ ಎಂದರೆ ಸಾಕು. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೂ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೂ ಈ ಸೌಲಭ್ಯವಿದೆ. ಪರೀಕ್ಷೆ ಉಚಿತ. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತಸಮಾಲೋಚಕರು ಒಂಟಿಯಾಗಿ ಕೂರಿಸಿ ಮಾತನಾಡುತ್ತಾರೆ. ಮಲಯಾಳ ಸರಿಯಾಗಿ ಬಾರದವರು ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡುತ್ತೇನೆಂದು ಮೊದಲೇ ಹೇಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ದಿನಾಂಕ, ಕಾಂಡೊಮ್, ಸಂಗಾತಿ ಮುಂತಾದ ವಿವರಗಳು ಒಂದು ಹೋಗಿ ಇನ್ನೊಂದಾಗಬಾರದು.

ಊರಿನಲ್ಲಿ ಪರಿಚಯದವರು ಕಂಡುಬಿಟ್ಟಾರೆಂಬ ಅಂಜಿಕೆಯಿಂದ ಮಂಜೇಶ್ವರ, ಉಪ್ಪಳ, ಪೆರ್ಲದ ಕಡೆಯವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಈ ಪರೀಕ್ಷೆಗೆ ಇಂಥ ರಾಜ್ಯದವರೇ ಆಗಿರಬೇಕೆಂದಿಲ್ಲ, ವೆನ್ಲಾಕ್ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಇದೆ, ಎಆರ್‌ಟಿ ಕೇಂದ್ರವೂ ಇದೆ. ಫೋನಿನಲ್ಲಿ ಕೇಳಿ ತಿಳಿಯಬೇಕೆಂದರೆ 1097 ಎಂಬ ರಾಷ್ಟ್ರೀಯ ಸಹಾಯವಾಣಿ ಉಚಿತ. 2017ರ ಎಚ್‌ಐವಿ ಮತ್ತು ಏಡ್ಸ್ ಕಾನೂನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಕಂಡಕಂಡವರಿಗೆ ತಿಳಿಸುವಂತಿಲ್ಲ. ಖಾಸಗಿ ಲ್ಯಾಬಿನವರು ವರದಿಯನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸುತ್ತೇವೆಂದರೆ, ಮನೆಮಂದಿಯೆಲ್ಲ ಮುಟ್ಟುವ ಫೋನಾದರೆ, ಬೇಡವೆಂದು ಹೇಳಿ ಕೈಯಲ್ಲೇ ಪಡೆಯಬೇಕು.

ಗಲ್ಫಿಗೆ ಹೋಗುವವರ ವಿಚಾರ ಬೇರೆ. ವೀಸಾಕ್ಕಾಗಿ ಮಾಡುವ ಮೆಡಿಕಲ್ಲಿನಲ್ಲಿ ಎಚ್‌ಐವಿ ಪರೀಕ್ಷೆಯೂ ಸೇರಿದೆ. ರಜೆಯಲ್ಲಿ ಊರಿಗೆ ಬಂದಾಗ ಏನೋ ನಡೆದು, ಎರಡು ವಾರದೊಳಗೆ ಮೆಡಿಕಲ್ ಪಾಸಾಯಿತೆಂದು ಸಮಾಧಾನಪಟ್ಟವರು ಆ ‘ಫಿಟ್’ ಎಂಬ ಮುದ್ರೆಯನ್ನು ಎಚ್‌ಐವಿ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬಾರದು. ಅದು ಗವಾಕ್ಷಿ ಅವಧಿಯೊಳಗಿನ ಪರೀಕ್ಷೆ. ಸಂಶಯವಿರುವವರು ಊರಿನಲ್ಲೇ ಅವಧಿ ತುಂಬಿಸಿ ಪರೀಕ್ಷೆ ಮುಗಿಸಿ ಹೊರಡುವುದು ಎಲ್ಲ ರೀತಿಯಲ್ಲೂ ಲೇಸು.

ರಿಯಾಕ್ಟಿವ್ ಎಂದು ಬಂದರೆ

ಮೊದಲ ಪರೀಕ್ಷೆಯಲ್ಲಿ ರಿಯಾಕ್ಟಿವ್ ಎಂದು ಬಂದ ಮಾತ್ರಕ್ಕೆ ಎಚ್‌ಐವಿ ಇದೆಯೆಂದು ತೀರ್ಮಾನವಾಗುವುದಿಲ್ಲ. ಸೋಂಕಿಲ್ಲದವರಲ್ಲಿ ನೂರಕ್ಕೆ 99.5 ಮಂದಿಗೆ ಸರಿಯಾಗಿ ನೆಗೆಟಿವ್ ಹೇಳುವ ಒಂದು ಕಿಟ್ ಇದೆಯೆನ್ನಿ. ಸಾವಿರ ಜನರಲ್ಲಿ ಇಬ್ಬರಿಗೆ ನಿಜವಾಗಿ ಸೋಂಕಿದ್ದರೆ ಆ ಇಬ್ಬರೂ ರಿಯಾಕ್ಟಿವ್ ಬರುತ್ತಾರೆ. ಉಳಿದ 998 ಮಂದಿಯಲ್ಲಿ ಸುಮಾರು ಐದು ಜನರಿಗೆ ಅದು ತಪ್ಪಾಗಿ ರಿಯಾಕ್ಟಿವ್ ಹೇಳುತ್ತದೆ. ಏಳರಲ್ಲಿ ಎರಡು ಮಾತ್ರ ನಿಜ. ಗರ್ಭಿಣಿಯರಲ್ಲಿ, ರೋಗನಿರೋಧಕ ಶಕ್ತಿಯೇ ಸ್ವಂತ ದೇಹದ ಮೇಲೆ ತಿರುಗಿ ಬೀಳುವ (ಆಟೊಇಮ್ಯೂನ್) ಕಾಯಿಲೆ ಇರುವವರಲ್ಲಿ, ಇತ್ತೀಚೆಗೆ ಬೇರೆ ಸೋಂಕು ಬಂದುಹೋದವರಲ್ಲಿ ಹೀಗಾಗುವುದುಂಟು. ಅದಕ್ಕೇ ಐಸಿಟಿಸಿಯಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್ಟುಗಳಲ್ಲಿ ಪರೀಕ್ಷಿಸಿ, ಮೂರರಲ್ಲೂ ರಿಯಾಕ್ಟಿವ್ ಬಂದ ಮೇಲೆಯೇ ಪಾಸಿಟಿವ್ ಎಂದು ಬರೆದುಕೊಡುತ್ತಾರೆ. ಕಿಟ್ಟುಗಳು ಒಂದಕ್ಕೊಂದು ತಾಳೆಯಾಗದೆ ಸ್ಪಷ್ಟ ನಿರ್ಧಾರಕ್ಕೆ ಬರಲಾಗದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಹೊಸ ರಕ್ತದಲ್ಲಿ ಮತ್ತೆ ನೋಡುತ್ತಾರೆ. ಖಾಸಗಿ ಲ್ಯಾಬಿನ ಒಂದೇ ಕಾರ್ಡಿನ ರಿಯಾಕ್ಟಿವ್ ವರದಿ ಕೈಗೆ ಬಂದವರು ಯಾರಿಗೂ ಏನನ್ನೂ ಹೇಳುವ ಮೊದಲು ನೇರವಾಗಿ ಐಸಿಟಿಸಿಗೆ ಹೋಗಬೇಕು.

ಪಾಸಿಟಿವ್ ಎಂದು ಖಚಿತವಾದರೆ ಎಆರ್‌ಟಿ ಕೇಂದ್ರದಲ್ಲಿ ಉಚಿತ ಚಿಕಿತ್ಸೆ ಸಾಮಾನ್ಯವಾಗಿ ಒಂದು ವಾರದೊಳಗೆ ಆರಂಭವಾಗುತ್ತದೆ. ಬೇಗ ಪತ್ತೆಯಾಗಿ ಬೇಗ ಮಾತ್ರೆ ಆರಂಭಿಸಿದವರ ಆಯುಸ್ಸು ಸೋಂಕಿಲ್ಲದವರ ಆಯುಸ್ಸಿಗೆ ಹತ್ತಿರ ಹತ್ತಿರವೇ ಇರುತ್ತದೆ.

ಕಾಯುವ ದಿನಗಳಲ್ಲಿ

ಹೊಸದಾಗಿ ಸೋಂಕು ತಗಲಿದ ವಾರಗಳಲ್ಲಿ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಅತಿ ಹೆಚ್ಚು, ಪರೀಕ್ಷೆ ನೆಗೆಟಿವ್ ಬರುವುದೂ ಅದೇ ದಿನಗಳಲ್ಲಿ. ಹಾಗಾಗಿ ಕೊನೆಯ ಪರೀಕ್ಷೆ ಮುಗಿಯುವವರೆಗೆ ಗಂಡ ಹೆಂಡತಿಯ ನಡುವೆಯೂ ಕಾಂಡೊಮ್ ಬಳಸಬೇಕು. ಮೊಲೆಯೂಡುವ ತಾಯಿಯಾದರೆ ತಡಮಾಡದೆ ವೈದ್ಯರ ಸಲಹೆ ಪಡೆಯಬೇಕು.

ರಕ್ತದಾನ ಮಾಡಲೇಬಾರದು. ಶಿಬಿರದಲ್ಲಿ ರಕ್ತ ಕೊಟ್ಟರೆ ಹೇಗೂ ಉಚಿತವಾಗಿ ಪರೀಕ್ಷೆ ಆಗುತ್ತದಲ್ಲ ಎಂದು ಯೋಚಿಸುವವರು ಇದ್ದಾರೆ. ಇದರಷ್ಟು ಹೊಣೆಗೇಡಿ ಯೋಚನೆ ಇನ್ನೊಂದಿಲ್ಲ. ದಾನದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುತ್ತಾರೆ ನಿಜ, ಆದರೆ ಗವಾಕ್ಷಿ ಅವಧಿಯ ರಕ್ತ ಆ ಜರಡಿಯಿಂದಲೂ ನುಸುಳಬಲ್ಲದು, ಆಗ ಅದು ಹೋಗಿ ಸೇರುವುದು ಆಪರೇಷನ್ ಟೇಬಲಿನ ಮೇಲೆ ಮಲಗಿರುವ ಯಾರದೋ ಮೈಗೆ.

ಎಚ್‌ಐವಿಯ ಗಾಬರಿಯಲ್ಲಿ ಉಳಿದದ್ದನ್ನು ಮರೆಯುವುದೂ ಸಾಮಾನ್ಯ. ಅದೇ ಸಂಪರ್ಕದಿಂದ ಸಿಫಿಲಿಸ್, ಗೊನೊರಿಯಾ, ಹೆಪಟೈಟಿಸ್ ಬಿ ಬರುವ ಸಂಭವ ಎಚ್‌ಐವಿಗಿಂತ ಹೆಚ್ಚು, ಅವುಗಳಲ್ಲಿ ಮೊದಲ ಎರಡಕ್ಕೆ ಪೂರ್ತಿ ಗುಣಪಡಿಸುವ ಔಷಧಿ ಇದೆ, ಮೂರನೆಯದಕ್ಕೆ ಲಸಿಕೆ ಇದೆ. ಹುಣ್ಣು, ಸ್ರಾವ, ಮೂತ್ರದಲ್ಲಿ ಉರಿ ಕಂಡರೆ 45 ದಿನ ಕಾಯದೆ ಕ್ಲಿನಿಕ್ಕಿಗೆ ಹೋಗಬೇಕು.

ಸಾಧ್ಯವಿದ್ದರೆ ಆ ಸಂಗಾತಿಯನ್ನೂ ಪರೀಕ್ಷೆಗೆ ಒಪ್ಪಿಸುವುದು ಉತ್ತಮ. ಅವರ ವರದಿ ಇವರ ಸಂಶಯವನ್ನು ಬಹಳಷ್ಟು ಇಳಿಸುತ್ತದೆ, ಆದರೆ ಅವರೂ ಗವಾಕ್ಷಿ ಅವಧಿಯಲ್ಲಿ ಇರಬಹುದಾದ್ದರಿಂದ ಅದು ಇವರ ಕೊನೆಯ ಪರೀಕ್ಷೆಗೆ ಬದಲಿಯಾಗುವುದಿಲ್ಲ. ಅವಧಿ ತುಂಬಿದ ಮೇಲೆ ನೆಗೆಟಿವ್ ಬಂದವರು ಅಲ್ಲಿಗೆ ಆ ಘಟನೆಯ ಲೆಕ್ಕವನ್ನು ಮುಚ್ಚಬಹುದು; ಆರು ತಿಂಗಳಿಗೆ ಇನ್ನೊಮ್ಮೆ, ವರ್ಷಕ್ಕೆ ಮತ್ತೊಮ್ಮೆ ಎಂದು ಅದೇ ಘಟನೆಗಾಗಿ ಪರೀಕ್ಷೆ ಮಾಡಿಸುತ್ತ ಹೋಗಬೇಕಾಗಿಲ್ಲ. ನಡುವೆ ಹೊಸ ಸಂಪರ್ಕವೇನಾದರೂ ಆಗಿದ್ದರೆ ಎಣಿಕೆ ಆ ದಿನದಿಂದ ಮತ್ತೆ ಸೊನ್ನೆಗೆ ಬರುತ್ತದೆ.